ತೊಟ್ಟಿಮನೆಯನ್ನು ಓದುವುದು: ‘ಆಧಾರಗಳು’ ಪಾಠಕ್ಕೆ ಕುಪ್ಪಳಿಯ ಮನೆ

ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಮೊದಲ ಪಾಠ ‘ಆಧಾರಗಳು’. ಅಭ್ಯಾಸ ಬೋಧನೆಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಇದನ್ನೇ ಮೊದಲು ಆರಿಸಿಕೊಳ್ಳುತ್ತಾರೆ. ಪಾಠ ಚಿಕ್ಕದು, ವರ್ಗೀಕರಣ ಸ್ಪಷ್ಟ, ಚಾರ್ಟ್ ಬರೆಯುವುದು ಸುಲಭ. ಹಲ್ಮಿಡಿ ಶಾಸನದ ಒಂದು ಚಿತ್ರ, ನಾಣ್ಯಗಳ ಒಂದು ಚಿತ್ರ, ತಾಳೆಗರಿಯ ಒಂದು ಚಿತ್ರ. ಸಾಹಿತ್ಯಿಕ, ಪುರಾತತ್ವ ಎಂದು ಕರಿಹಲಗೆಯ ಮೇಲೆ ಕವಲು ಗೆರೆ. ಕೊನೆಗೆ ‘ಮೌಖಿಕ ಆಧಾರ ಎಂದರೇನು?’ ಎಂಬ ಪ್ರಶ್ನೆಗೆ ಇಡೀ ತರಗತಿಯ ಒಕ್ಕೊರಲ ಉತ್ತರ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತ ನಾನು ‘ವಿಷಯ ಮಂಡನೆ ಉತ್ತಮ’ ಎಂದು ಬರೆದು ಸಹಿ ಹಾಕಿದ ಪಾಠಗಳು ಕಡಿಮೆಯೇನಲ್ಲ. ಆದರೆ ಆ ನಲವತ್ತು ನಿಮಿಷಗಳಲ್ಲಿ ಮಕ್ಕಳು ಒಂದು ಆಧಾರವನ್ನಾದರೂ ಓದಿದರೇ? ಆಧಾರಗಳ ಹೆಸರು ಕಲಿತರು, ಅಷ್ಟೆ.

ಕಳೆದ ಸಾಲಿನಲ್ಲಿ ತೀರ್ಥಹಳ್ಳಿ ಸೀಮೆಯ ಒಂದು ಪ್ರೌಢಶಾಲೆಗೆ ನಿಯೋಜಿತರಾಗಿದ್ದ ಒಬ್ಬ ಪ್ರಶಿಕ್ಷಣಾರ್ಥಿ ಚಾರ್ಟ್ ಬಿಟ್ಟು ಒಂದು ಮನೆಯನ್ನೇ ಬೋಧನೋಪಕರಣವಾಗಿ ತೆಗೆದುಕೊಳ್ಳುತ್ತೇನೆ ಎಂದರು. ಮನೆ ಬೇರೆ ಯಾವುದೂ ಅಲ್ಲ, ಕುಪ್ಪಳಿಯದು. ಕುವೆಂಪು ಅವರು ಬೆಳೆದ ತೊಟ್ಟಿಮನೆ. ಆಕೆ ಕೊಟ್ಟ ಕಾರಣ ನನಗೆ ಹಿಡಿಸಿತು. ಮನೆ ಪುರಾತತ್ವ ಆಧಾರ. ಆ ಸೀಮೆಯ ಬದುಕನ್ನು ಕುವೆಂಪು ಅವರೇ ಬರೆದಿಟ್ಟಿದ್ದಾರೆ, ಅದು ಸಾಹಿತ್ಯಿಕ ಆಧಾರ. ಅಂಥ ಮನೆಗಳಲ್ಲಿ ಬಾಳಿದವರು, ದುಡಿದವರು ಇನ್ನೂ ಊರಿನಲ್ಲಿದ್ದಾರೆ, ಅವರ ಮಾತು ಮೌಖಿಕ ಆಧಾರ. ಪುಸ್ತಕದ ಮೂರು ಶೀರ್ಷಿಕೆಗಳು ಒಂದೇ ಅಂಗಳದಲ್ಲಿ ಸಿಗುವುದು ಅಪರೂಪ. ಅರ್ಧ ದಿನದ ಭೇಟಿ, ಅದಕ್ಕೆ ಮೊದಲೊಂದು ಅವಧಿ, ನಂತರ ಒಂದು ಎಂದು ಯೋಜನೆಯಾಯಿತು. ಕೊನೆಗೆ ನಂತರದ್ದೇ ಮೂರು ಅವಧಿಯಾಯಿತು. ಯಾಕೆ ಎಂಬುದನ್ನು ಹೇಳಲೆಂದೇ ಈ ಲೇಖನ.

ಮೊದಲು ಮನೆಯ ಸಂಗತಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿಯ ತವರು. ಬೆಳೆದದ್ದು ತಂದೆಯ ಮನೆಯಾದ ಕುಪ್ಪಳಿಯಲ್ಲಿ. ಈ ಚಿಕ್ಕ ವಿವರವನ್ನು ಪೂರ್ವಭಾವಿ ಅವಧಿಯಲ್ಲಿ ಹೇಳಿದಾಗಲೇ ಮಕ್ಕಳು ಎಚ್ಚೆತ್ತರು. ಹೆರಿಗೆಗೆ ತವರಿಗೆ ಹೋಗುವ ರೂಢಿ ಅವರಿಗೆ ಗೊತ್ತು. ‘ನಾನೂ ಅಜ್ಜಿ ಊರಲ್ಲೇ ಹುಟ್ಟಿದ್ದು’ ಎಂದು ನಾಲ್ಕೈದು ಕೈಗಳು ಎದ್ದವು. ಶಿಥಿಲವಾಗಿದ್ದ ಮನೆಯನ್ನು ಮುಂದೆ ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿದೆ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ಅಂದರೆ ನಾವು ನೋಡುವುದು ಹಳೆಯ ಮನೆಯೂ ಹೌದು, ಹಳೆಯದರಂತೆ ಮತ್ತೆ ಎತ್ತಿ ನಿಲ್ಲಿಸಿದ ಮನೆಯೂ ಹೌದು. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ‘ಇದರಲ್ಲಿ ಯಾವುದು ಹಳೆಯದು, ಯಾವುದು ಆಮೇಲೆ ಸೇರಿದ್ದು, ಹೇಗೆ ಗೊತ್ತು?’ ಎಂಬ ಪ್ರಶ್ನೆಗಿಂತ ಒಳ್ಳೆಯ ಇತಿಹಾಸದ ಪ್ರಶ್ನೆ ಎಂಟನೆಯ ತರಗತಿಗೆ ಬೇರೆ ಬೇಕಿಲ್ಲ.

ಮಲೆನಾಡಿನ ಮನೆಯನ್ನು ಮಾಡಿನಿಂದ ಓದಲು ಶುರು ಮಾಡಬೇಕು ಎಂಬುದು ನನ್ನ ಅನುಭವ. ಬಾಗಿಲಿನಿಂದ ಶುರು ಮಾಡಿದರೆ ಮಕ್ಕಳು ಒಳಗಿನ ಹಂಡೆ, ಒರಳು, ತೊಟ್ಟಿಲುಗಳತ್ತ ಓಡುತ್ತಾರೆ. ಮನೆ ಹೋಗಿ ಸಾಮಾನಿನ ಅಂಗಡಿಯಾಗುತ್ತದೆ. ಅಂಗಳದಲ್ಲಿ ನಿಲ್ಲಿಸಿ ತಲೆ ಎತ್ತಿಸಿ. ಮಾಡು ಯಾಕಿಷ್ಟು ಕಡಿದಾಗಿದೆ? ಸೂರು ಯಾಕೆ ಗೋಡೆಗಿಂತ ಇಷ್ಟು ಮುಂದೆ ಚಾಚಿ ತಲೆಗೆ ತಾಗುವಷ್ಟು ಕೆಳಗಿಳಿದಿದೆ? ‘ಮಳೆ’ ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಉತ್ತರದ ಆರಂಭ ಮಾತ್ರ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಮಣ್ಣಿನದು. ಮಣ್ಣಿನ ಗೋಡೆ ಭಾರ ಹೊರುತ್ತದೆ, ಸೆಕೆ ತಡೆಯುತ್ತದೆ, ಆದರೆ ನೀರಿಗೆ ಕರಗುತ್ತದೆ. ಹಾಗಾಗಿ ಮನೆಯ ಆಯುಷ್ಯ ನಿಂತಿರುವುದು ಗೋಡೆಯ ಮೇಲಲ್ಲ, ಗೋಡೆಯನ್ನು ನೆನೆಯಲು ಬಿಡದ ಸೂರಿನ ಮೇಲೆ. ಹಳೆಯ ಮನೆ ಬೀಳುವುದನ್ನು ಕಂಡವರಿಗೆ ಗೊತ್ತು: ಮೊದಲು ನಾಲ್ಕು ಹೆಂಚು ಜಾರುತ್ತದೆ, ಯಾರೂ ನೋಡುವುದಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಕೂತುಬಿಡುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಖರ್ಚಿಲ್ಲ. ಶಾಲೆಯ ಹಿಂದಿನ ಕೆಮ್ಮಣ್ಣು ಕಲಸಿ ಗೇಣುದ್ದದ ಎರಡು ಗೋಡೆ ಕಟ್ಟಿಸಿ. ಒಂದರ ಮೇಲೆ ಚಾಚಿಲ್ಲದ ರಟ್ಟಿನ ಮಾಡು, ಇನ್ನೊಂದರ ಮೇಲೆ ನಾಲ್ಕು ಬೆರಳು ಚಾಚಿದ ಮಾಡು. ಗಿಡಕ್ಕೆ ನೀರು ಹಾಕುವ ಡಬ್ಬದಿಂದ ಐದು ನಿಮಿಷ ಎರಡರ ಮೇಲೂ ಒಂದೇ ಸಮ ಮಳೆ ಸುರಿಸಿ. ನಮ್ಮ ಪ್ರಶಿಕ್ಷಣಾರ್ಥಿ ಇದನ್ನು ಮಾಡಿದಾಗ ಮಾತೇ ಬೇಕಾಗಲಿಲ್ಲ.

ಮಾಡಿನಿಂದ ಹೆಂಚಿಗೆ ಬನ್ನಿ. ಮಲೆನಾಡಿನಲ್ಲಿ ಮೊದಲು ಹುಲ್ಲು ಮತ್ತು ಸೋಗೆ ಹೊದಿಕೆ, ಅನುಕೂಲಸ್ಥರಲ್ಲಿ ಕುಂಬಾರರು ಕೈಯಲ್ಲಿ ಮಾಡಿದ ನಾಡಹೆಂಚು. ಅಚ್ಚಿನ ‘ಮಂಗಳೂರು ಹೆಂಚು’ ಬಂದದ್ದು ಆಮೇಲೆ. ಬಾಸೆಲ್ ಮಿಷನ್ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಈಗ ಮಕ್ಕಳಿಗೆ ಒಂದು ತರ್ಕದ ಪ್ರಶ್ನೆ: ಒಂದು ಮನೆಯ ಮೇಲೆ ಮಂಗಳೂರು ಹೆಂಚು ಇದೆ ಎಂದರೆ ಮನೆ 1865ರ ನಂತರದ್ದೇ? ಅರ್ಧ ತರಗತಿ ಹೌದು ಎನ್ನುತ್ತದೆ. ಆಮೇಲೆ ಯಾರೋ ಒಬ್ಬರು, ಸಾಮಾನ್ಯವಾಗಿ ಮನೆಯಲ್ಲಿ ಹೆಂಚು ಬದಲಾಯಿಸಿದ್ದನ್ನು ಕಂಡವರು, ‘ಹೆಂಚು ಮಾತ್ರ ಆಮೇಲೆ ಹಾಕಿರ್ಬಹುದು’ ಎನ್ನುತ್ತಾರೆ. ಹೆಂಚು ಹೆಂಚಿನ ಕಾಲವನ್ನು ಹೇಳುತ್ತದೆ, ಮನೆಯ ಕಾಲವನ್ನಲ್ಲ. ಶಾಸನದ ಕಲ್ಲಿಗೂ ದೇವಸ್ಥಾನದ ಗೋಡೆಗೂ ಇದೇ ಮಾತು. ಹಳೆಯ ಹೆಂಚು ಒಂದು ಸಿಕ್ಕರೆ ಬೆನ್ನು ತಿರುಗಿಸಿ ನೋಡಿ; ತಯಾರಕರ ಹೆಸರು ಒತ್ತಿರುವುದುಂಟು. ಮಕ್ಕಳ ಮಟ್ಟಿಗೆ ಅದೂ ಒಂದು ಶಾಸನವೇ.

ಒಳಗೆ ಹೋದರೆ ತೊಟ್ಟಿ. ನಾಲ್ಕು ಕಡೆಯ ಮಾಡುಗಳು ಒಳಕ್ಕೆ ಇಳಿಯುತ್ತವೆ, ನಡುವೆ ಆಕಾಶ ತೆರೆದಿರುತ್ತದೆ, ಕೆಳಗೆ ತಗ್ಗಾದ ಅಂಗಣ. ಇಷ್ಟು ಮಳೆಯ ನಾಡಿನಲ್ಲಿ ಮನೆಯ ನಡುಮಧ್ಯಕ್ಕೆ ಮಳೆಯನ್ನು ಬಿಟ್ಟುಕೊಂಡವರು ಯಾರು, ಯಾಕೆ? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗೋಡೆ ದಪ್ಪ, ಕಿಟಕಿ ಸಣ್ಣದು, ಸೂರು ತಗ್ಗು: ಹೊರಗಿನಿಂದ ಬೆಳಕು ಬರುವ ದಾರಿಯೇ ಕಡಿಮೆ. ಕೂಡುಕುಟುಂಬದ ದೊಡ್ಡ ಮನೆಗೆ ಬೆಳಕೂ ಗಾಳಿಯೂ ಬರಬೇಕಾದರೆ ನಡುವೆ ತೆರೆಯಲೇಬೇಕು. ಮಳೆಗಾಲದಲ್ಲಿ ಹೊರಗೆ ಹೋಗದೆಯೇ ಒಂದಿಷ್ಟು ಹೊರಗು ಮನೆಯೊಳಗೇ ಸಿಗುತ್ತದೆ. ಬಂದ ನೀರು ಹೋಗಲು ಮೋರಿ ಇರುತ್ತದೆ. ಲೆಕ್ಕವನ್ನು ಗಣಿತದ ಅವಧಿಗೆ ಬಿಡಬಹುದು: ಒಳಮುಖದ ಮಾಡುಗಳೂ ತೊಟ್ಟಿಯೂ ಸೇರಿ 100 ಚದರ ಮೀಟರ್ ಎಂದಿಟ್ಟುಕೊಳ್ಳಿ, ಒಂದೇ ದಿನ 100 ಮಿ.ಮೀ. ಮಳೆ ಬಿದ್ದರೆ ಎಷ್ಟು ಲೀಟರ್? 10,000 ಲೀಟರ್. ಅಷ್ಟೂ ಒಂದು ಮೋರಿಯಲ್ಲಿ ಹೋಗಬೇಕು. ಮೋರಿ ಕಟ್ಟಿದವರಿಗೆ ಈ ಲೆಕ್ಕ ಅಂದಾಜಿನಲ್ಲಾದರೂ ಗೊತ್ತಿತ್ತು.

ಕಂಬಗಳನ್ನು ನೋಡುವಾಗ ಕೆತ್ತನೆಗಿಂತ ಬುಡ ನೋಡಿಸಿ. ಮರದ ಕಂಬ ನೇರ ನೆಲದ ಮೇಲೆ ನಿಲ್ಲುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲುತ್ತದೆ. ಶೀತವೂ ಗೆದ್ದಲೂ ಏರಬಾರದೆಂದು. ಅಡುಗೆಮನೆಯ ಮೇಲಿನ ಅಟ್ಟ ಹೊಗೆಗೆ ಕಪ್ಪಾಗುತ್ತಿತ್ತು. ಕೊಳಕಲ್ಲ, ಉಪಾಯ. ಹೊಗೆ ತಾಗಿದ ಮರಕ್ಕೂ ಬಿದಿರಿಗೂ ಹುಳು ಹಿಡಿಯುವುದು ಕಡಿಮೆ, ಮಳೆಗಾಲದಲ್ಲಿ ಬಿತ್ತನೆಯ ಕಾಳು ಕೆಡದೆ ಉಳಿಯುವುದೂ ಅಲ್ಲೇ.

ಇಷ್ಟರವರೆಗೆ ಪಾಠ ಚೆನ್ನಾಗಿಯೇ ನಡೆಯಿತು. ಭೇಟಿಯ ಮರುದಿನದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ಕರಿಹಲಗೆಯ ಮೇಲೆ ತೊಟ್ಟಿಮನೆಯ ನಕ್ಷೆ ಬರೆದು, ಅಂಗಳ, ಹೆಬ್ಬಾಗಿಲು, ಜಗಲಿ, ತೊಟ್ಟಿ, ದೇವರ ಕೋಣೆ, ಅಡುಗೆಮನೆ, ಪಣತ, ಬಚ್ಚಲು, ಹಿತ್ತಿಲು ಎಂದು ಮಕ್ಕಳಿಂದಲೇ ಹೆಸರು ಹಾಕಿಸಿದರು. ಅವಧಿ ಮುಗಿಯಲು ಮೂರು ನಿಮಿಷವಿದ್ದಾಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಗದ್ದೆ ಕೆಲ್ಸದೋರು ಇದ್ರಲ್ಲಿ ಯಾವ್ ಕಡೆ ಇರ್ತಿದ್ರು?’ ‘ಅವರು ಅವರವರ ಮನೆಯಲ್ಲಿ ಇರುತ್ತಿದ್ದರು’ ಎಂದು ಹೇಳಿ ಪ್ರಶಿಕ್ಷಣಾರ್ಥಿ ಗೃಹಪಾಠ ಕೊಟ್ಟರು. ಗಂಟೆ ಬಾರಿಸಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಯ ಪಾಲನೆ ಉತ್ತಮ’ ಎಂದು ಬರೆದೆ.

ಗೃಹಪಾಠ ಏನಿತ್ತೆಂದರೆ, ‘ನಿಮ್ಮ ಅಜ್ಜನ ಮನೆಯ ನಕ್ಷೆ ಬರೆದು ಭಾಗಗಳನ್ನು ಹೆಸರಿಸಿ.’ ಪಾಠಯೋಜನೆ ನೋಡಿ ಒಪ್ಪಿಗೆ ಕೊಟ್ಟವನು ನಾನೇ. ‘ಸ್ವಾನುಭವಕ್ಕೆ ಜೋಡಣೆ’ ಎಂದು ಅಂಚಿನಲ್ಲಿ ಮೆಚ್ಚುಗೆಯನ್ನೂ ಬರೆದಿದ್ದೆ. ಮರುದಿನ ಐದಾರು ಮಕ್ಕಳು ಬರೆದು ತಂದಿರಲಿಲ್ಲ. ಒಬ್ಬ ಹುಡುಗ ಬಲು ಅಚ್ಚುಕಟ್ಟಾಗಿ ಬರೆದು ತಂದಿದ್ದ: ಮೂರು ಅಂತಸ್ತು, ಕೆತ್ತನೆಯ ಕಂಬ, ನಡುವೆ ತೊಟ್ಟಿ, ಕೆಳಗೆ ‘ನಮ್ಮ ಅಜ್ಜನ ಮನೆ’. ಅದು ಹಿಂದಿನ ದಿನ ನೋಡಿಬಂದ ಕುಪ್ಪಳಿಯ ಮನೆ. ಪ್ರಶಿಕ್ಷಣಾರ್ಥಿ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದುಬಿಟ್ಟಿದ್ದರು. ಸಂಜೆ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಪಕ್ಕಕ್ಕೆ ಕರೆದು ಹೇಳಿದರು: ಆ ಹುಡುಗನ ಅಜ್ಜನಿಗೆ ಇದ್ದದ್ದು ಸೋಗೆಯ ಗುಡಿಸಲು, ಅದೂ ಈಗಿಲ್ಲ.

ಬರೆದು ತಾರದ ಮಕ್ಕಳು ಸೋಮಾರಿಗಳಾಗಿರಲಿಲ್ಲ. ಹದಿಮೂರು ವರ್ಷದ ಹುಡುಗನಿಂದ ಸುಳ್ಳು ಬರೆಸಿದ್ದು ನಮ್ಮ ಪ್ರಶ್ನೆ. ‘ನಿಮ್ಮ ಮನೆ’, ‘ನಿಮ್ಮ ಅಜ್ಜ’ ಎಂದು ಶುರುವಾಗುವ ಗೃಹಪಾಠವನ್ನು ನಾವು ಮಗುಕೇಂದ್ರಿತ ಎಂದು ಭಾವಿಸುತ್ತೇವೆ. ಮನೆ, ಜಮೀನು, ಜಾತಿ ಒಂದಕ್ಕೊಂದು ಅಂಟಿಕೊಂಡಿರುವ ಊರಿನಲ್ಲಿ ಆ ಪ್ರಶ್ನೆ ಕೆಲವು ಮಕ್ಕಳನ್ನು ಇಡೀ ತರಗತಿಯ ಮುಂದೆ ನಿಲ್ಲಿಸುತ್ತದೆ. ಹುಡುಗಿಯ ಪ್ರಶ್ನೆಯನ್ನು ನಾವಿಬ್ಬರೂ ಮೂರು ನಿಮಿಷದ ನೆಪದಲ್ಲಿ ದಾಟಿಬಂದಿದ್ದೆವು. ಇತಿಹಾಸದ ಪಾಠ ಇದ್ದದ್ದು ಅಲ್ಲಿಯೇ.

ಆ ರಾತ್ರಿ ಯೋಜನೆ ತಿರುಗಿ ಬರೆದೆವು. ಗೃಹಪಾಠ ಕೈಬಿಟ್ಟೆವು. ಎಲ್ಲ ಗುಂಪಿಗೂ ಒಂದೇ ನಕ್ಷೆ, ತೊಟ್ಟಿಮನೆಯದು, ಆದರೆ ಈ ಸಲ ಕಾಗದ ದೊಡ್ಡದು: ಮನೆಯ ಸುತ್ತ ಅಂಗಳ, ಕೊಟ್ಟಿಗೆ, ತೋಟ, ಗದ್ದೆ, ದೂರದಲ್ಲಿ ಕೇರಿ. ಕೆಲಸ ಸರಳ. ಬಣ್ಣದ ಪೆನ್ಸಿಲಿನಲ್ಲಿ ದಾರಿ ಎಳೆಯುವುದು. ಊರಿಂದ ಬಂದ ನೆಂಟ ಎಲ್ಲಿಂದ ಎಲ್ಲಿಯವರೆಗೆ ಬರುತ್ತಾನೆ? ಮನೆಯ ಯಜಮಾನಿತಿಯ ದಿನದ ದಾರಿ ಯಾವುದು? ಕುಡಿಯುವ ನೀರಿನದು? ಸಗಣಿಯದು? ಭತ್ತದ್ದು? ಭತ್ತ ಬೆಳೆದು ಹೊತ್ತು ತಂದವನದು? ಒಂದೊಂದಕ್ಕೆ ಒಂದೊಂದು ಬಣ್ಣ.

ಮನೆಯನ್ನು ಮಾತ್ರ ನೋಡಿ ಈ ಗೆರೆಗಳನ್ನು ಎಳೆಯಲಾಗುವುದಿಲ್ಲ. ಬಾಗಿಲು ಎಲ್ಲಿದೆ ಎಂದು ಕಟ್ಟಡ ಹೇಳುತ್ತದೆ. ಆ ಬಾಗಿಲನ್ನು ಯಾರು ದಾಟಬಹುದಿತ್ತು ಎಂದು ಹೇಳುವುದಿಲ್ಲ. ಅದಕ್ಕೇ ಎರಡನೆಯ ಆಧಾರ. 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’ ಎರಡರಲ್ಲೂ ಇಂಥ ಮನೆಗಳಿವೆ. ಜಗಲಿಯಲ್ಲಿ ಯಾರು, ಅಂಗಳದಲ್ಲಿ ಯಾರು, ಹಿತ್ತಿಲ ಕಡೆಯಲ್ಲಿ ಯಾರು ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಜೀತದಾಳು ನಾಯಿಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಓದುಗರು ಮರೆಯುವುದಿಲ್ಲ. ಗೌಡರ ಮನೆಯೊಳಗೇ ಬೆಳೆದ ಲೇಖಕ ಮನೆಯ ಹೊರಗೆ ನಿಂತವರನ್ನು ಅಷ್ಟು ಹತ್ತಿರದಿಂದ ಕಂಡರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಆದರೆ ಆಯ್ದ ಭಾಗಗಳನ್ನು ಶಿಕ್ಷಕರು ಮೊದಲು ಓದಿ, ಜಾತಿಯ ಹೆಸರು ಬಂದಲ್ಲೆಲ್ಲ ತರಗತಿಯ ಯಾವ ಮಗುವಿನತ್ತ ಕಣ್ಣುಗಳು ತಿರುಗಬಹುದು ಎಂದು ಯೋಚಿಸಿಯೇ ಒಯ್ಯಬೇಕು. ಅಭಿನಯ ಮಾಡಿಸಬೇಡಿ. ‘ನೀನು ಒಡೆಯ, ನೀನು ಆಳು’ ಎಂದು ಪಾತ್ರ ಹಂಚುವ ಚಟುವಟಿಕೆ ಪುಸ್ತಕದಲ್ಲಿ ಚೆಂದ ಕಾಣುತ್ತದೆ, ಊಟದ ಬಿಡುವಿನಲ್ಲಿ ಅದು ಆಟದ ಮೈದಾನಕ್ಕೆ ಹೋಗುತ್ತದೆ. ಕಾಗದದ ಮೇಲಿನ ಗೆರೆ ಯಾರ ಮೈಗೂ ಅಂಟುವುದಿಲ್ಲ.

ಗೆರೆಗಳು ಮುಗಿದಾಗ ಪ್ರಶಿಕ್ಷಣಾರ್ಥಿ ಒಂದೇ ಪ್ರಶ್ನೆ ಕೇಳಿದರು: ‘ಯಾವ ಗೆರೆ ಎಲ್ಲಿ ನಿಂತಿತು?’ ನೆಂಟನ ಗೆರೆ ಜಗಲಿಯಲ್ಲಿ. ಹೆಂಗಸರ ಗೆರೆ ಅಡುಗೆಮನೆ, ತೊಟ್ಟಿ, ಬಚ್ಚಲು, ಹಿತ್ತಿಲುಗಳ ನಡುವೆ ಸುತ್ತಿ ಸುತ್ತಿ ಕಾಗದವೇ ಮಸಿಯಾಗಿತ್ತು, ಮುಂಬಾಗಿಲಿಗೆ ಬಂದದ್ದು ಅಪರೂಪ. ಭತ್ತದ ಗೆರೆ ಗದ್ದೆಯಿಂದ ಕಣಕ್ಕೆ, ಕಣದಿಂದ ಅಂಗಳ ದಾಟಿ ಒಳಗಿನ ಪಣತದವರೆಗೆ. ಅದರ ಜೊತೆಜೊತೆಗೇ ಬಂದ ಇನ್ನೊಂದು ಗೆರೆ ಅಂಗಳದ ಅಂಚಿನಲ್ಲಿ ನಿಂತಿತ್ತು. ಹಿಂದಿನ ಸಾಲಿನ ಒಂದು ಗುಂಪು ಹೇಳಿತು: ‘ಭತ್ತ ಒಳಗ್ ಹೋಯ್ತು, ತಂದೋರು ಹೋಗ್ಲಿಲ್ಲ.’ ಕಿಟಕಿ ಪಕ್ಕದ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಮಕ್ಕಳೇ ಕೊಟ್ಟಿದ್ದರು.

ಮೂರನೆಯ ಅವಧಿಗೆ ಊರಿನ ಹಿರಿಯರೊಬ್ಬರನ್ನು ಕರೆಸಿದೆವು. ಗೇಣಿ ಮಾಡಿ ಬದುಕಿದವರು. ಶಾಲೆಗೆ ಬಂದವರನ್ನು ಕುರ್ಚಿ ಹಾಕಿ ಕೂರಿಸಿ, ಅವರ ಒಪ್ಪಿಗೆ ಪಡೆದು, ಮಕ್ಕಳು ಮೊದಲೇ ಬರೆದುಕೊಂಡ ಆರು ಪ್ರಶ್ನೆಗಳನ್ನು ಮಾತ್ರ ಕೇಳುವುದೆಂದು ನಿಯಮ. ಯಾರ ಮನೆ, ಯಾವ ಒಡೆಯ ಎಂಬ ಹೆಸರು ಬೇಡ ಎಂದೂ ಮಾತಾಗಿತ್ತು; ಇಂದಿಗೂ ಒಂದೇ ಊರಿನಲ್ಲಿ ಬಾಳಬೇಕಾದವರು ಅವರು. ಅವರು ಹೆಚ್ಚು ಹೊತ್ತು ಮಾತಾಡಿದ್ದು ಕೊಳಗದ ಬಗ್ಗೆ. ಕೊಳಗವನ್ನು ಬಾಯಿಮಟ್ಟಕ್ಕೆ ಅಳೆಯುವುದಕ್ಕೂ ಗೋಪುರ ಏರಿಸಿ ಅಳೆಯುವುದಕ್ಕೂ ಇರುವ ಅಂತರವನ್ನು ಕೈಯಲ್ಲೇ ತೋರಿಸಿದರು. ಬಿಸಿಯೂಟದ ಕೋಣೆಯಿಂದ ಸೇರು, ಅಕ್ಕಿ ತರಿಸಿ ಮಕ್ಕಳಿಂದಲೇ ಎರಡು ಬಗೆಯಲ್ಲೂ ಅಳೆಸಿದೆವು. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೆ 200 ಕೊಳಗ ಗೇಣಿಗೆ 100 ಸೇರು ಎಂಬ ಲೆಕ್ಕ ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಗೇಣಿ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲಗಳಲ್ಲೊಂದು; ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ 1961ರ ಭೂ ಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನಿಗೆ ಭೂಮಿಯ ಹಕ್ಕು ಸಿಕ್ಕಿತು. ಹಿರಿಯರು ಅದನ್ನು ಕಾಯ್ದೆ ಎನ್ನಲಿಲ್ಲ, ‘ಡಿಕ್ಲರೇಷನ್ ಕೊಟ್ಟ ವರ್ಷ’ ಎಂದರು. ಮೌಖಿಕ ಆಧಾರ ಕಾಲವನ್ನು ಹೇಗೆ ಎಣಿಸುತ್ತದೆ ಎನ್ನಲು ಇದಕ್ಕಿಂತ ಉದಾಹರಣೆ ಬೇಡ.

ಒಂದು ಎಚ್ಚರಿಕೆ. ಕೊಳಗದ ಮಾತನ್ನು ನೋಡಿಬಂದ ಮನೆಯ ಮೇಲೆ ಹೊರಿಸಬಾರದು. ಒಬ್ಬ ಹುಡುಗ ‘ಹಾಗಾದ್ರೆ ಕುಪ್ಪಳಿ ಮನೇಲೂ ಮೋಸ ಮಾಡ್ತಿದ್ರಾ?’ ಎಂದು ಕೇಳಿಯೇ ಕೇಳಿದ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಉತ್ತರಿಸಿದರು: ‘ನಮ್ಮ ಕೈಲಿರುವ ಯಾವ ಆಧಾರವೂ ಅದನ್ನು ಹೇಳಿಲ್ಲ, ನಾವೂ ಹೇಳುವುದು ಬೇಡ.’ ಒಂದು ಊರಿನ ಆಧಾರ ಇನ್ನೊಂದು ಮನೆಗೆ ಸಾಕ್ಷಿಯಾಗದು. ಹಾಗೆಯೇ ತೊಟ್ಟಿಮನೆ ಎಂದರೆ ದೌರ್ಜನ್ಯ, ಗುಡಿಸಲು ಎಂದರೆ ಸದ್ಗುಣ ಎಂಬ ತೀರ್ಪಿಗೂ ಅವಸರ ಬೇಡ. ಆ ಕಂಬ ಕೆತ್ತಿದ ಬಡಗಿಯ ಕೈಚಳಕವನ್ನು ಮೆಚ್ಚಿಕೊಂಡೇ ಅವನು ಆ ಮನೆಯಲ್ಲಿ ಎಲ್ಲಿ ಕೂತು ಉಂಡ ಎಂದು ಕೇಳಬಹುದು.

ಕುಪ್ಪಳಿಗೆ ಹೋಗಲಾಗದ ಕಾಲೇಜುಗಳವರು ಮಣಿಪಾಲದ ಹಸ್ತಶಿಲ್ಪ ಗ್ರಾಮವನ್ನು ನೋಡಬಹುದು. ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕೂಡಿಸಿದರು. ಮರಗೆಲಸ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಆದರೆ ಮನೆಯ ಜೊತೆ ಅದರ ಗದ್ದೆ, ಕೇರಿ ಬಂದಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ಗೆರೆ ಎಳೆಯುವ ಚಟುವಟಿಕೆಗೆ ಆ ಭಾಗವನ್ನು ಶಿಕ್ಷಕರೇ ಕಾಗದದ ಮೇಲೆ ಸೇರಿಸಿಕೊಳ್ಳಬೇಕಾಗುತ್ತದೆ. ಊರಿನಲ್ಲೇ ಹಳೆಯ ಮನೆಯಿದ್ದರೆ ಸರಿಯೇ. ಆದರೆ ವಾಸವಿರುವವರ ಮನೆಗೆ ತರಗತಿಯನ್ನು ಕರೆದೊಯ್ಯುವ ಮೊದಲು ಒಂದು ಸಂಗತಿ ವಿಚಾರಿಸಿ: ಎಲ್ಲ ಮಕ್ಕಳನ್ನೂ ಒಳಗೆ ಬಿಡುತ್ತಾರೆಯೇ? ಅನುಮಾನವಿದ್ದರೆ ಆ ಮನೆ ಬೇಡ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಕೊಟ್ಟೆವು. ಮಂಗಳೂರು ಹೆಂಚಿನಿಂದ ಮನೆಯ ಕಾಲ ಹೇಳಬಹುದೇ, ಕಾರಣ ಕೊಡಿ. ತೊಟ್ಟಿ ಇಲ್ಲದಿದ್ದರೆ ಈ ಮನೆಯಲ್ಲಿ ಏನು ಬದಲಾಗುತ್ತಿತ್ತು? ಮನೆಯನ್ನು ಮಾತ್ರ ನೋಡಿ ತಿಳಿಯಲಾಗದ, ಆದರೆ ಬೇರೆ ಆಧಾರದಿಂದ ತಿಳಿದ ಒಂದು ವಿಷಯ ಬರೆಯಿರಿ. ಮೂರನೆಯದಕ್ಕೆ ಬಂದ ಉತ್ತರಗಳಲ್ಲಿ ಎರಡು ಒಂದೇ ತರ ಇರಲಿಲ್ಲ. ಅಂಕ ಕೊಡುವುದು ಕಷ್ಟವಾಯಿತು.

‘ನಮ್ಮ ಅಜ್ಜನ ಮನೆ’ ಬರೆದಿದ್ದ ಹುಡುಗ ತನ್ನ ಹಳೆಯ ಹಾಳೆಯನ್ನು ವಾಪಸು ಕೇಳಿ ತೆಗೆದುಕೊಂಡ. ಎರಡು ದಿನದ ನಂತರ ಯಾರೂ ಕೇಳದೆಯೇ ತಂದುಕೊಟ್ಟ. ಶೀರ್ಷಿಕೆ ಅಳಿಸಿ ‘ಕುಪ್ಪಳಿ ಮನೆ’ ಎಂದು ಬರೆದಿದ್ದ. ಹಾಳೆಯ ಕೆಳಮೂಲೆಯಲ್ಲಿ, ತೋಟದಾಚೆಗೆ, ಹೊಸದಾಗಿ ಒಂದು ಸಣ್ಣ ಚೌಕ. ಅದಕ್ಕೂ ಭಾಗಗಳನ್ನು ಹೆಸರಿಸಿದ್ದ: ಒಲೆ, ಮಲಗುವ ಜಾಗ, ಕೋಳಿಗೂಡು, ಮಳೆ ಸೋರುವ ಜಾಗ. ಪ್ರಶಿಕ್ಷಣಾರ್ಥಿ ಕೆಂಪು ಶಾಯಿ ತೆರೆಯಲಿಲ್ಲ. ‘ಸೋರುವಾಗ ಏನು ಮಾಡ್ತಿದ್ರಂತೆ?’ ಎಂದು ಕೇಳಿದರು, ಅವನು ಹೇಳತೊಡಗಿದ.